ಗೆಲುವಿಗೆ ತಾನೇ ಹಾಕಿಕೊಂಡ ಬೇಲಿ

ರಾಯಬಾಗ ತಾಲೂಕಿನ ದಿಗ್ಗೇವಾಡಿ, ಚಿಂಚಲಿ, ಕುಡಚಿಗಳ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಓಡಾಡುವ ಭಾಷೆಗಳು. ಇವುಗಳಲ್ಲಿ ಮರಾಠಿಯ ಬುದ್ಧಿಬಳದಾಟಕ್ಕೆ, ಅಂದರೆ ನಮ್ಮ ಚದುರಂಗಕ್ಕೆ, ‘ಪ್ಯಾದೆಮಾತ್’ ಎಂಬ ಹಳೆಯ ಮಾತೊಂದಿದೆ. ಎದುರಾಳಿಯ ರಾಜನನ್ನು ಆನೆಯಿಂದಲೋ ಮಂತ್ರಿಯಿಂದಲೋ ಅಲ್ಲ, ಬರೀ ಕಾಲಾಳಿನಿಂದ ಕಟ್ಟಿಹಾಕುವುದು. ಸೋತವನಿಗೆ ಅದು ಮಹಾ ಅವಮಾನ. ನಿಯಮದ ಪ್ರಕಾರ ಯಾವ ಕಾಯಿಯಿಂದ ಗೆದ್ದರೂ ಗೆಲುವು ಗೆಲುವೇ. ಆದರೆ ಬಲ್ಲ ಆಟಗಾರನಿಗೆ ಅಷ್ಟು ಸಾಲುವುದಿಲ್ಲ.

ಇದು ಒಂದು ಸೀಮೆಯ ಹುಚ್ಚೇನೂ ಅಲ್ಲ. ಯುರೋಪಿನಲ್ಲಿ ಬಲಶಾಲಿ ಆಟಗಾರ ತನ್ನದೊಂದು ಕಾಲಾಳಿಗೆ ಗುರುತು ಹಾಕಿ, ಅದರಿಂದಲೇ ಮಾತ್ ಕೊಡುತ್ತೇನೆ, ಅದು ಸತ್ತರೆ ನಾನು ಸೋತಂತೆ ಎಂದು ಒಪ್ಪಿ ಕೂರುವ ಪದ್ಧತಿಯಿತ್ತು. ಕ್ರಿ.ಶ. 714ರಲ್ಲಿ ತೀರಿಕೊಂಡ ವಿದ್ವಾಂಸ ಸಯೀದ್ ಬಿನ್ ಜುಬೈರ್ ಮಣೆಗೆ ಬೆನ್ನು ಮಾಡಿ ಕುಳಿತು ಚದುರಂಗ ಆಡುತ್ತಿದ್ದರೆಂದು ಹಳೆಯ ಅರಬಿ ಬರಹಗಳು ಹೇಳುತ್ತವೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಎದುರಾಳಿಯನ್ನೇ ಬಿಟ್ಟು, ಒಂದು ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ತಿರುಗಿಸುವ ಸಮಸ್ಯೆಗಳಲ್ಲಿ ಮುಳುಗಿದ್ದರು.

ಅದೇ ಹಂಬಲ ಈಗ ಕಂಪ್ಯೂಟರಿನ ಪರದೆಗೆ ಬಂದಿದೆ. 1991ರಲ್ಲಿ ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ‘ಸಿವಿಲೈಸೇಶನ್’ ಆಟವನ್ನೇ ನೋಡೋಣ. ಕ್ರಿ.ಪೂ. 4000ದಲ್ಲಿ ಒಂದು ಊರು ಕಟ್ಟಿ ಆರಂಭಿಸಬೇಕು. ಆಮೇಲೆ ಮತ್ತೊಂದು, ಮಗದೊಂದು. ನೆಲ ಹೆಚ್ಚಿದಷ್ಟೂ ಧಾನ್ಯ, ಹಣ, ಸೈನ್ಯ ಹೆಚ್ಚು. ಕಷ್ಟದ ಮಟ್ಟ ಏರಿಸಿದರೆ ಯಂತ್ರ ಜಾಣನಾಗುತ್ತದೆಯೇ? ಹೆಚ್ಚೇನೂ ಇಲ್ಲ. ಅದಕ್ಕೆ ಬಿಟ್ಟಿ ಸೈನ್ಯ, ಅಗ್ಗದ ಉತ್ಪಾದನೆ ಸಿಗುತ್ತದೆ, ಅಷ್ಟೆ. ಇದರಿಂದ ಬೇಸತ್ತ ಆಟಗಾರರು ತಾವೇ ಕಟ್ಟಳೆ ಮಾಡಿಕೊಂಡರು: ಕೊನೆಯವರೆಗೂ ಒಂದೇ ನಗರ, ಅಥವಾ ತಾನಾಗಿ ಯಾರ ಮೇಲೂ ಯುದ್ಧ ಸಾರುವುದಿಲ್ಲ, ಅಥವಾ ಸೋಲು ಕಂಡಾಗ ಉಳಿಸಿಟ್ಟ ಹಿಂದಿನ ಹಂತಕ್ಕೆ ಓಡುವುದಿಲ್ಲ.

ಇಂಥ ಕಟ್ಟಳೆಯನ್ನು ಬರೀ ಹಟವೆಂದು ತಳ್ಳಿಹಾಕುವಂತಿಲ್ಲ. ಅದು ಆಟದ ಮೇಲಿನ ವಿಮರ್ಶೆಯೂ ಹೌದು. ನಾಗರಿಕತೆ ಎಂದರೆ ಹಬ್ಬುವುದು, ನೆರೆಯವನ ಹೊಲದವರೆಗೆ ಗಡಿ ತಳ್ಳುವುದು ಎಂದು ಈ ಆಟ ಹೇಳದೆಯೇ ಹೇಳಿಕೊಡುತ್ತದೆ. ಒಂದೇ ನಗರ ಇಟ್ಟುಕೊಂಡವನು ಆ ಪಾಠವನ್ನು ಒಪ್ಪುವುದಿಲ್ಲ. ಅವನು ನೆರೆಯವರೊಡನೆ ಮಾತುಕತೆ ನಡೆಸಬೇಕು, ವಿದ್ಯೆಯನ್ನು ಬೆಳೆಸಬೇಕು, ಏನನ್ನು ಬಿಡಬೇಕೆಂದು ಮೊದಲೇ ತೀರ್ಮಾನಿಸಬೇಕು. ಅದೇ ಆಟ, ಆದರೆ ಅದು ಬೇರೊಂದು ಲೋಕವನ್ನು ತೋರಿಸುತ್ತದೆ. ಲೇಖನ ಬರೆಯದೆ ಕೇವಲ ಆಡುವುದರಿಂದ ಆಕ್ಷೇಪ ಎತ್ತುವುದು ಎಂದರೆ ಇದು.

ಕಂಪೆನಿಗಳು ಇದನ್ನು ಕಾಣದೆ ಬಿಡಲಿಲ್ಲ. 2005ರ ‘ಸಿವಿಲೈಸೇಶನ್ 4’ರಲ್ಲಿ ಒಂದೇ ನಗರದ ಸವಾಲು ಗುಂಡಿಯೊತ್ತಿ ಆರಿಸಿಕೊಳ್ಳುವ ಆಯ್ಕೆಯಾಯಿತು. ಜೊತೆಗೆ ರಿಯಾಯಿತಿಯೂ ಬಂತು: ನಗರವೊಂದಕ್ಕೆ 2ರ ಬದಲು 5 ರಾಷ್ಟ್ರೀಯ ಅದ್ಭುತಗಳು! 1994ರ ‘ಎಕ್ಸ್‌ಕಾಮ್’ ಆಡುವಾಗ ಹಿಂದಕ್ಕೆ ಹೋಗದಿರುವುದು ಆಟಗಾರನ ಮನಸ್ಸಿಗೆ ಬಿಟ್ಟದ್ದಾಗಿತ್ತು. ಅದರ 2012ರ ಹೊಸ ರೂಪದಲ್ಲಿ ‘ಐರನ್‌ಮ್ಯಾನ್’ ಎಂಬ ವಿಧಾನ ಬಂದು, ಹಿಂದಕ್ಕೆ ಹೋಗುವ ಬಾಗಿಲನ್ನು ಯಂತ್ರವೇ ಮುಚ್ಚಿತು. ಅನುಕೂಲವೇನೋ ಆಯಿತು. ಆದರೆ ಯಾರೂ ನೋಡದ ಕೋಣೆಯಲ್ಲಿ ಮಾತು ಮುರಿಯುವ ಅವಕಾಶವಿದ್ದೂ ಮುರಿಯದವನಿಗೂ, ಬೀಗ ಹಾಕಿದ ಬಾಗಿಲ ಮುಂದೆ ನಿಂತವನಿಗೂ ವ್ಯತ್ಯಾಸವಿಲ್ಲವೇ? ಕದಿಯಲು ಆಸ್ಪದವೇ ಇಲ್ಲದವನ ಪ್ರಾಮಾಣಿಕತೆಯನ್ನು ನಾವು ಹೊಗಳುವುದಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ನಮ್ಮ ಹಳ್ಳಿಗಳ ಹುಡುಗರ ಕೈಯಲ್ಲಿರುವುದು ಹೆಚ್ಚಾಗಿ ದುಬಾರಿ ಕಂಪ್ಯೂಟರ್ ಅಲ್ಲ, ಮೊಬೈಲು. ಫಿನ್ಲೆಂಡಿನ ಸೂಪರ್‌ಸೆಲ್ 2012ರಲ್ಲಿ ತಂದ ‘ಕ್ಲಾಶ್ ಆಫ್ ಕ್ಲಾನ್ಸ್’ನಂಥ ಆಟಗಳು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಕೋಟೆ ಬೆಳೆದಂತೆಲ್ಲ ಒಂದೊಂದು ಕಟ್ಟಡಕ್ಕೂ ದಿನಗಟ್ಟಲೆ ಕಾಯಬೇಕು. ಕಾಯಲಾರೆ ಎಂದರೆ ಹಣ ಕೊಟ್ಟು ರತ್ನಗಳನ್ನು ಕೊಳ್ಳಬೇಕು. ಇಲ್ಲಿ ವ್ಯಾಪಾರಕ್ಕಿಟ್ಟಿರುವುದು ಆಟವನ್ನಲ್ಲ, ನಮ್ಮ ಅಸಹನೆಯನ್ನು. ಒಂದು ಪೈಸೆಯನ್ನೂ ಹಾಕದೆ ಆಡುತ್ತೇನೆಂಬುದನ್ನೇ ಸವಾಲಾಗಿ ಮಾಡಿಕೊಂಡವರು ಇದ್ದಾರೆ. ಹಾಕಲು ಪೈಸೆಯೇ ಇಲ್ಲದ ಹುಡುಗನೂ ಹೊರಗಿನಿಂದ ಹಾಗೆಯೇ ಆಡುತ್ತಾನೆ. ಹಸಿವೂ ಉಪವಾಸವೂ ನೋಡುವವರಿಗೆ ಒಂದೇ. ಹೊಟ್ಟೆಗೆ ಒಂದೇ ಅಲ್ಲ. ಉಳ್ಳವನ ಸಂಯಮವನ್ನು ಸವಾಲೆಂದು ಕೊಂಡಾಡಿ, ಇಲ್ಲದವನ ಸಂಯಮವನ್ನು ಕಾಣದೆ ಹೋಗುವ ವಿಮರ್ಶೆ ಕುರುಡು ವಿಮರ್ಶೆ.

ಇನ್ನೊಂದು ಅಪಾಯವೂ ಇದೆ. ತನ್ನ ಕಟ್ಟಳೆಯ ಆಟವನ್ನು ಚಿತ್ರೀಕರಿಸಿ ಊರಿಗೆಲ್ಲ ತೋರಿಸುವುದು ಈಗ ಸಾಮಾನ್ಯ. ನೋಡುಗರು ಹೆಚ್ಚಿದಂತೆ ಕಟ್ಟಳೆ ಇನ್ನಷ್ಟು ವಿಚಿತ್ರವಾಗುತ್ತದೆ. ತನ್ನನ್ನು ತಾನು ಅಳೆದುಕೊಳ್ಳಲು ಹಿಡಿದ ಅಳತೆಗೋಲು ಕೊನೆಗೆ ಚಪ್ಪಾಳೆ ಎಣಿಸುವ ಕೋಲಾಗುತ್ತದೆ.

ಆದರೂ ಈ ಹವ್ಯಾಸದ ತಿರುಳು ಕೆಟ್ಟದ್ದಲ್ಲ. ಹೇಗಾದರೂ ಸರಿ, ಗೆದ್ದರೆ ಸಾಕು ಎಂದು ಪರೀಕ್ಷೆಯಿಂದ ಚುನಾವಣೆಯವರೆಗೆ ಕಲಿಸುತ್ತಿರುವ ಕಾಲದಲ್ಲಿ, ಹೀಗೆ ಗೆದ್ದರೆ ನನಗೆ ಬೇಡ ಎನ್ನುವ ಹುಡುಗನೋ ಹುಡುಗಿಯೋ ಮನೆಯಲ್ಲಿದ್ದರೆ ಅದು ಸಣ್ಣ ಸಂಗತಿಯಲ್ಲ. ಎಷ್ಟು ಹೊತ್ತು ಆಡಿದೆ ಎಂದು ನಾವು ಮಕ್ಕಳನ್ನು ಗದರಿಸುತ್ತೇವೆ. ಗದರಿಸಬೇಕಾದದ್ದೇ. ಒಂದೊಂದು ಸಲ ಹೇಗೆ ಆಡಿದೆ ಎಂದೂ ಕೇಳಿ ನೋಡಬೇಕು.