ಬೇರಿನ ಕಾವಲಿಗೆ ಬಂದ ದುಂಡಾಣು

ಶುಂಠಿ ಎಲೆ ಮುದುರಿ ಹಳದಿಗೆ ತಿರುಗಿದ ಮೇಲೆ ಸ್ಯೂಡೋಮೊನಾಸ್ ಎಂಬ ಉಪಕಾರಿ ದುಂಡಾಣುವಿನ ಪೊಟ್ಟಣ ಹುಡುಕಿಕೊಂಡು ಅಂಗಡಿಗೆ ಓಡುವವರನ್ನು ಹಾಸನ, ಕೊಡಗು, ಶಿವಮೊಗ್ಗದ ಕಡೆ ಮಳೆಗಾಲದಲ್ಲಿ ಕಾಣಬಹುದು. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ. ಸೊರಗಿದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುತ್ತದೆ. ಅದು ಸೊರಗು ರೋಗ ತರುವ ರಾಲ್ಸ್ಟೋನಿಯಾ ದುಂಡಾಣುಗಳ ದಂಡು. ಗಿಡದೊಳಗೆ ನೀರು ಸಾಗುವ ನಾಳಗಳಲ್ಲೆಲ್ಲ ಅದು ಆಗಲೇ ತುಂಬಿಕೊಂಡಿದೆ. ಹೆಚ್ಚಾಗಿ ಬೇರಿನ ಹೊರಮೈಗೆ ಅಂಟಿಕೊಂಡು ಬದುಕುವ ಸ್ಯೂಡೋಮೊನಾಸ್ ಈಗ ಏನು ಮಾಡೀತು?

ಉಪಕಾರಿ ದುಂಡಾಣುಗಳಲ್ಲಿ ನನಗೆ ಪೂರ್ತಿ ನಂಬಿಕೆಯಿದೆ. ಅವನ್ನು ಔಷಧಿಯೆಂದು ಮಾರುವ, ಕೊಳ್ಳುವ ರೂಢಿ ಮಾತ್ರ ಒಪ್ಪಿಗೆಯಾಗದು. ಅವುಗಳ ಕೆಲಸವೇ ಮೊದಲು ಬಂದು ಜಾಗ ಹಿಡಿಯುವುದು. ಬೇರು ಒಸರುವ ಸಕ್ಕರೆಯನ್ನು ತಿಂದು ಬೆಳೆಯುತ್ತವೆ, ಮಣ್ಣಿನ ಕಬ್ಬಿಣಾಂಶವನ್ನು ಶತ್ರುವಿಗೆ ಸಿಗದಂತೆ ಬಾಚಿಕೊಳ್ಳುತ್ತವೆ, ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತವೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಗೋಧಿ ಹೊಲಗಳು ಇದಕ್ಕೆ ದೊಡ್ಡ ಸಾಕ್ಷಿ. ಅಲ್ಲಿ ‘ಟೇಕ್-ಆಲ್’ ಎಂಬ ಬೇರುಕೊಳೆ ರೋಗ ಕೆಲವು ವರ್ಷ ಬೆಳೆ ಹಾಳುಮಾಡಿ, ಅದೇ ಹೊಲದಲ್ಲಿ ಗೋಧಿಯನ್ನೇ ಬಿತ್ತುತ್ತ ಹೋದಂತೆ ತಾನಾಗಿ ತಗ್ಗಿತು. ಜೇಮ್ಸ್ ಕುಕ್, ಡೇವಿಡ್ ವೆಲ್ಲರ್ ಮೊದಲಾದ ವಿಜ್ಞಾನಿಗಳು ಬೆನ್ನುಹತ್ತಿ ನೋಡಿದರೆ, ಬೇರಿನ ಸುತ್ತ ಆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಆಂಟಿಬಯಾಟಿಕ್ ತಯಾರಿಸುವ ಸ್ಯೂಡೋಮೊನಾಸ್ ಹೇರಳವಾಗಿತ್ತು. ಯಾರೂ ಪೊಟ್ಟಣ ತಂದು ಸುರಿದಿರಲಿಲ್ಲ. ಶುಂಠಿಗೆ ಆ ದಾರಿ ಇಲ್ಲ. ಅದೇ ನೆಲದಲ್ಲಿ ಮತ್ತೆ ಶುಂಠಿ ಹಾಕಿದರೆ ರೋಗವೇ ಬಲಿಯುತ್ತದೆ. ಹಾಗಾಗಿ ಕಾವಲಿನವರನ್ನು ಹೊರಗಿನಿಂದಲೇ ತರಬೇಕು.

ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಶುಂಠಿಯ ಸೊರಗು ರೋಗಕ್ಕೆಂದೇ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ದುಂಡಾಣುವನ್ನು ಸಿದ್ಧಪಡಿಸಿದ್ದು ಈ ಕಾರಣಕ್ಕೆ ಮುಖ್ಯ. ಬ್ಯಾಸಿಲಸ್ ಬೀಜಕವಾಗಿ ಮುದುಡಿ ಬಿಸಿಲು, ಬರ ತಾಳಿಕೊಳ್ಳಬಲ್ಲದು. ಸ್ಯೂಡೋಮೊನಾಸ್‌ಗೆ ಆ ವಿದ್ಯೆ ಇಲ್ಲ. ತಗಡಿನ ಸೂರಿನಡಿ ತಿಂಗಳುಗಟ್ಟಲೆ ಬಿದ್ದ ಪೊಟ್ಟಣದಲ್ಲಿ ಉಳಿಯುವುದು ಹೆಚ್ಚಾಗಿ ಟಾಲ್ಕ್ ಪುಡಿ. ಬದುಕಿದ್ದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ನಾಟಿಗೆ ಮೊದಲೇ ಮಡಿಗೆ ಸೇರಿಸುವವರೂ ಇದ್ದಾರೆ, ಅದು ಸರಿಯಾದ ಕ್ರಮ. ಅದೇ ವಾರ ತಾಮ್ರದ ಔಷಧಿಯನ್ನೋ ಸ್ಟ್ರೆಪ್ಟೋಮೈಸಿನನ್ನೋ ಬುಡಕ್ಕೆ ಸುರಿದರೆ ಆ ಶ್ರಮವೆಲ್ಲ ನೀರುಪಾಲು.

ಬಿತ್ತನೆ ಗಡ್ಡೆಯೊಳಗೇ ರೋಗ ಕೂತು ಬಂದಿದ್ದರೆ, ಮಡಿಯಲ್ಲಿ ನೀರು ನಿಂತಿದ್ದರೆ, ಎಂಥ ದುಂಡಾಣುವೂ ಬೆಳೆ ಕಾಯದು. ಈ ಮಿತಿಯನ್ನು ಪೊಟ್ಟಣದ ಮೇಲೆ, ಅದು ವಾಸಿಮಾಡುತ್ತದೆಂದು ಹೇಳುವ ರೋಗಗಳ ಹೆಸರಿನಷ್ಟೇ ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಬೇಕು.