ನಗೋದಕ್ಕೆ ಕನ್ನಡ, ತಿಳಿಯೋದಕ್ಕೆ ಯಾವುದು?

ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯ ಹುಡುಗ ಹುಡುಗಿಯರು ಮೊಬೈಲು ಹಿಡಿದು ಕೆಟ್ಟುಹೋದರು ಅನ್ನೋದು ಅರಳಿಕಟ್ಟೆಯ ಮಾಮೂಲಿ ಮಾತು. ಕೆಟ್ಟರೋ ಇಲ್ಲವೋ, ಆ ಪಂಚಾಯ್ತಿ ಇಲ್ಲಿ ಬೇಡ. ಅವರು ಅದರಲ್ಲಿ ಏನು ನೋಡ್ತಾರೆ, ಯಾವ ಭಾಷೆಯಲ್ಲಿ ನೋಡ್ತಾರೆ, ಅದರಿಂದ ನಮ್ಮ ಗಡಿಯ ಕನ್ನಡಕ್ಕೆ ಏನಾಗ್ತಾ ಐತೆ ಅನ್ನೋದನ್ನ ವಿಚಾರ ಮಾಡಿದವರು ಕಡಿಮೆ. ಈ ಬರಹ ಅದಕ್ಕಾಗಿ.

ಮೊದಲು ಸ್ವಲ್ಪ ಹಿಂದಿನ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಸೇರಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿತ್ತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಾಗದದ ಮೇಲೆ ಗೆರೆ ಬಿತ್ತು, ಆದರೆ ರೇಡಿಯೋ ಆ ಗೆರೆಯನ್ನ ಕೇಳಲಿಲ್ಲ. ಬೆಂಗಳೂರು, ಧಾರವಾಡದ ಆಕಾಶವಾಣಿ ನಮ್ಮ ಪಡಸಾಲೆಗೆ ಬರ್ತಿತ್ತು. ಬೆಳಿಗ್ಗೆ ಪ್ರದೇಶ ಸಮಾಚಾರ, ಸಂಜೆ ಕೃಷಿರಂಗ, ಆಮೇಲೆ ಚಿತ್ರಗೀತೆ. ಇದನ್ನ ಗಮನಿಸಬೇಕು: ಒಂದೇ ಪೆಟ್ಟಿಗೆಯಲ್ಲಿ, ಒಂದೇ ಭಾಷೆಯಲ್ಲಿ ಸುದ್ದಿಯೂ ಇತ್ತು, ಶೇಂಗಾ ಬೆಳೆಯ ರೋಗಕ್ಕೆ ಔಷಧಿಯೂ ಇತ್ತು, ಹಾಡೂ ಇತ್ತು. ತಿಳಿವಳಿಕೆಯ ಕನ್ನಡ, ಖುಷಿಯ ಕನ್ನಡ ಅಂತ ಎರಡು ಇರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಈ ಜೋಡಿ ಬೇರೆಯಾಯಿತು. ಇವತ್ತು ರೊಳ್ಳ, ಅಗಳಿ, ಅಮರಾಪುರದ ಕಡೆಯ ಇಪ್ಪತ್ತರ ಹುಡುಗನ ಮೊಬೈಲನ್ನ ತೆಗೆದು ನೋಡಿ. ಕಾಮಿಡಿ ತುಣುಕು ಕನ್ನಡದಲ್ಲಿ ಇರ್ತಾವೆ. ಸಿನಿಮಾ ಹಾಡು ಕನ್ನಡ, ತೆಲುಗು ಎರಡೂ. ಮೀಸೇವ ಅರ್ಜಿ, ಗ್ರಾಮ ಸಚಿವಾಲಯದ ಮೆಸೇಜು ತೆಲುಗಿನಲ್ಲಿ. ನೌಕರಿಯ ಪರೀಕ್ಷೆ, ಕಾಲೇಜಿನ ನೋಟ್ಸು, ಕಂಪ್ಯೂಟರ್ ಕಲಿಯೋ ಪಾಠ ಇಂಗ್ಲಿಷಿನಲ್ಲಿ. ಅಂದರೆ ನಗೋದಕ್ಕೆ ಕನ್ನಡ, ಅರ್ಜಿ ಹಾಕೋದಕ್ಕೆ ತೆಲುಗು, ತಿಳಿಯೋದಕ್ಕೆ ಇಂಗ್ಲಿಷು. ಮೂರು ಭಾಷೆ ಬರೋದು ಗಡಿಯವರ ಭಾಗ್ಯವೇ. ಆದರೆ ಮೂರರಲ್ಲಿ ತಾಯಿಭಾಷೆಗೆ ಬರೀ ನಗಿಸೋ ಕೆಲಸ ಕೊಟ್ಟರೆ, ಅದು ಜಾತ್ರೆಯ ಹಾಸ್ಯಗಾರನ ಸ್ಥಿತಿಗೆ ಬರ್ತದೆ. ಎಲ್ಲರೂ ನೋಡ್ತಾರೆ, ಯಾರೂ ಸಲಹೆ ಕೇಳಲ್ಲ.

ಮನರಂಜನೆಯನ್ನೇ ಮೊದಲು ತಗೊಳ್ಳೋಣ. ಗಡಿನಾಡಿನ ನಮಗೆ ತೀರಾ ಹತ್ತಿರವಾದ ಸಿನಿಮಾ ಅಂದರೆ 2018ರಲ್ಲಿ ಬಂದ, ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕನ್ನಡ ಶಾಲೆಗೆ ಮಲಯಾಳಂ ಮೇಷ್ಟ್ರನ್ನ ಹಾಕ್ತಾರೆ, ಮಕ್ಕಳಿಗೆ ಲೆಕ್ಕದ ಪಾಠ ಅರ್ಥವಾಗಲ್ಲ, ಶಾಲೆ ಮುಚ್ಚೋ ಹುನ್ನಾರ ನಡೀತದೆ, ಮೈಸೂರಿಂದ ಬಂದ ಅನಂತಪದ್ಮನಾಭ, ಅಂದರೆ ಅನಂತನಾಗ್, ಕೋರ್ಟಿನಲ್ಲಿ ವಾದ ಮಾಡ್ತಾರೆ. ಸಿನಿಮಾದ ಶಕ್ತಿ ಇರೋದು ಮಕ್ಕಳಲ್ಲಿ. ಆ ಮಕ್ಕಳ ತರಲೆ, ಜಗಳ, ದಡ್ಡತನ ಎಲ್ಲಾ ನಮ್ಮೂರ ಶಾಲೆಯದೇ ಅನ್ನಿಸ್ತದೆ. ದೌರ್ಬಲ್ಯ ಇರೋದು ಪರಿಹಾರದಲ್ಲಿ. ಗಡಿಯ ಶಾಲೆ ಉಳಿಸೋಕೆ ಮೈಸೂರಿನ ಒಬ್ಬ ಮಾತುಗಾರ ಬರಬೇಕಾಯಿತು. ಡಿ. ಹಿರೇಹಾಳಿಗೋ ಗುಡಿಬಂಡೆಗೋ ಯಾವ ಅನಂತಪದ್ಮನಾಭ ಬರ್ತಾನೆ?

ಈಗ ಇದೇ ಸಿನಿಮಾ ಮೊಬೈಲಿನಲ್ಲಿ ಹೇಗೆ ಉಳಿದೈತೆ ನೋಡಿ. ತುಣುಕು ತುಣುಕಾಗಿ: ಒಂದು ಹಾಡು, ಒಂದು ನಗೆ, ಒಂದು ಭಾಷಣ. ಲೆಕ್ಕ ಅರ್ಥವಾಗದೆ ಮಂಕಾಗಿ ಕೂತ ಮಕ್ಕಳ ಮುಖ ಮೂವತ್ತು ಸೆಕೆಂಡಿನ ಸ್ಟೇಟಸ್ಸಿಗೆ ಹೊಂದಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು, ಆದರೆ ಅದರ ಅಳತೆ ಹೋಗಲಿಲ್ಲ. ರೀಲ್ಸು, ಶಾರ್ಟ್ಸು ಅದನ್ನೇ ಮುಂದುವರಿಸಿದವು. ಭಾಷಣದ ತುಣುಕು ನೋಡಿದ ಹುಡುಗನಿಗೆ ರೋಮಾಂಚನ ಆಗ್ತದೆ. ಅದೇ ಮೊಬೈಲಿನಲ್ಲಿ ಇನ್ನೆರಡು ನಿಮಿಷ ಹುಡುಕಿದ್ದರೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದೆ, 1956ರ ಏಳನೇ ತಿದ್ದುಪಡಿಯಲ್ಲಿ ಅದು ಸೇರಿತು ಅನ್ನೋದೂ ಸಿಗ್ತಿತ್ತು. ಮೈಸೂರಿನವರು ಬರದಿದ್ದರೂ ನಾವೇ ಅರ್ಜಿ ಬರೆಯೋಕೆ ಅದು ಸಾಕಾಗಿತ್ತು. ರೋಮಾಂಚನದಿಂದ ಮಾಹಿತಿಗೆ ಹೋಗೋ ಆ ಎರಡು ನಿಮಿಷದ ದಾರಿ ನಮ್ಮ ಹುಡುಗರಿಗೆ ರೂಢಿ ಇಲ್ಲ. ನನ್ನ ಆಕ್ಷೇಪ ಇಷ್ಟೇ.

ಮಾಹಿತಿ ಅಂತ ಬರೋದರ ಕಥೆ ಇನ್ನೂ ಕಷ್ಟ. ನಮ್ಮ ಹೇಮಾವತಿಯನ್ನೇ ತಗೊಳ್ಳಿ. ಹೆಂಜೇರು ಅಂತ ಹಳೇ ಹೆಸರು, ನೊಳಂಬರ ರಾಜಧಾನಿ. ಹಳೆಯ ಗುಡಿಗಳ ಬಗ್ಗೆ ಬರೋ ವಿಡಿಯೋಗಳ ಧಾಟಿ ನಿಮಗೆ ಗೊತ್ತು: ಡ್ರೋನಿನಿಂದ ಒಂದು ಸುತ್ತು, ಎದೆ ನಡುಗಿಸೋ ಸಂಗೀತ, ‘ನಿಗೂಢ ರಹಸ್ಯ’ ಅನ್ನೋ ತಲೆಬರಹ, ನಡುವೆ ನಿಧಿಯ ಮಾತು. ನಿಜವಾದ ನಿಧಿ ಬೇರೆ ಕಡೆ ಐತೆ. ಲಿಂಗದ ಬದಲು ಮನುಷ್ಯರೂಪದಲ್ಲಿ ಕೂತ ಸಿದ್ದೇಶ್ವರ, ದೊಡ್ಡೇಶ್ವರನ ಗುಡಿಯ ಕೆತ್ತನೆ, ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿರುವ ಇಲ್ಲಿನ ಶಿಲ್ಪಗಳು. ಲೂಯಿಸ್ ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ತುಮಕೂರು ಸಂಪುಟದಲ್ಲಿ ಹೇಮಾವತಿಯ ಶಾಸನಗಳು ಅಚ್ಚಾಗಿದ್ದಾವೆ. ಆ ಸಂಪುಟ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗ್ತದೆ. ಸಾವಿರ ವರ್ಷದ ಹಿಂದೆ ನಮ್ಮೂರಲ್ಲಿ ಕಲ್ಲಿಗೆ ಕನ್ನಡ ಕೆತ್ತಿದರು ಅನ್ನೋದಕ್ಕೆ ಸಾಕ್ಷಿ ಜೇಬಿನಲ್ಲೇ ಇರುವಾಗ, ನಿಧಿಯ ಕಥೆ ನೋಡ್ತಾ ಕೂರೋದು ಊಟ ಬಿಟ್ಟು ಎಲೆ ತಿಂದ ಹಾಗೆ.

ಎಲ್ಲಾ ಕೆಟ್ಟದ್ದೇ ಅಂದರೆ ಅದು ಅನ್ಯಾಯದ ಮಾತಾಗ್ತದೆ. ರೇಷ್ಮೆ ಬೆಳೆಯೋ ಮನೆಯ ಹುಡುಗ ಹಿಂದೂಪುರದ ಗೂಡಿನ ರೇಟು, ರಾಮನಗರದ ರೇಟು ಎರಡನ್ನೂ ಮೊಬೈಲಿನಲ್ಲಿ ತಿಳಿದು, ಯಾವ ಕಡೆ ಗಾಡಿ ಬಿಡಬೇಕು ಅಂತ ತೀರ್ಮಾನ ಮಾಡಬಲ್ಲ. ಅವನಪ್ಪನಿಗೆ ಈ ಅನುಕೂಲ ಇರಲಿಲ್ಲ. ಇಲ್ಲಿ ಕನ್ನಡ, ತೆಲುಗು ಎರಡೂ ದುಡೀತಾವೆ. ಲಾಭ ನಷ್ಟ ಕಣ್ಣಿಗೆ ಕಾಣೋ ಕಡೆ ನಮ್ಮ ಹುಡುಗರು ಬಲು ಚುರುಕು. ಆದರೆ ಓದಿನ ಲಾಭ ನಷ್ಟ ತಕ್ಷಣ ಕಾಣಲ್ಲ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಅರ್ಹತೆಯ ನಿಯಮಗಳು ಇದ್ದಾವೆ. ಯಾವ ನಿಯಮ ಯಾರಿಗೆ ಅನ್ವಯ, ಯಾವ ಸರ್ಟಿಫಿಕೇಟು ಬೇಕು ಅನ್ನೋದನ್ನ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯಲ್ಲೇ ಓದಬೇಕು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ನಾಲ್ಕು ಸಾಲು ನಂಬಿ ಕೂತರೆ ಕೊನೇ ದಿನಾಂಕ ದಾಟಿಹೋಗಿರ್ತದೆ. ಅಲ್ಲಿ ಹೋಗೋದು ಒಂದು ವರ್ಷ.

ಕನ್ನಡದಲ್ಲಿ ಮಾಹಿತಿ ಎಲ್ಲೈತೆ ಸ್ವಾಮಿ ಅಂತ ಹುಡುಗರು ಕೇಳ್ತಾರೆ. ಕೇಳೋದು ಸರಿಯೇ. ಇಂಗ್ಲಿಷಿನಷ್ಟು ಇಲ್ಲ. ಆದರೆ ಇಲ್ಲವೇ ಇಲ್ಲ ಅನ್ನೋದೂ ಸುಳ್ಳು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿದ್ದಾವೆ. ವಿ. ಕೃಷ್ಣ ಅನ್ನೋರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಪುಕ್ಕಟೆ ಸಿಗ್ತಾ ಐತೆ. ಒಂದೂವರೆ ಲಕ್ಷ ಪದಗಳು ಅದರಲ್ಲಿದ್ದಾವೆ. ಕರ್ನಾಟಕದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಇದ್ದಾವೆ. ಆಂಧ್ರದ ಕನ್ನಡ ಮಾಧ್ಯಮದಲ್ಲಿ ಓದೋ ಮಕ್ಕಳಿಗೂ ವಿಜ್ಞಾನದ ಒಂದು ಪಾಠವನ್ನ ಇನ್ನೊಂದು ರೀತಿಯಲ್ಲಿ ಓದಿ ತಿಳಿಯೋಕೆ ಅವು ಒದಗ್ತಾವೆ. ಇಷ್ಟೆಲ್ಲಾ ಇದ್ದರೂ ಮೊಬೈಲು ತಾನಾಗಿ ಇವನ್ನ ಮುಂದೆ ತಂದು ಹಿಡಿಯಲ್ಲ. ನೀವು ಯಾವುದಕ್ಕೆ ಹೆಚ್ಚು ಹೊತ್ತು ನಿಂತಿರೋ ಅದನ್ನೇ ಮತ್ತೆ ತರೋದು ಅದರ ಗುಣ. ನಗುವಿಗೆ ನಿಂತರೆ ನಗು ತರ್ತದೆ. ಹುಡುಕಿದವರಿಗೆ ಮಾತ್ರ ಹುಡುಕಿದ್ದು ಸಿಗ್ತದೆ, ಹುಡುಕೋಕೆ ಕನ್ನಡದಲ್ಲಿ ಟೈಪು ಮಾಡೋದು ಬರಬೇಕು. ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಓದಿದ ಎಷ್ಟೋ ಹುಡುಗರು ಮೊಬೈಲಿನಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೀತಾರೆ. ಬೀಗ ಅಲ್ಲೇ ಬಿದ್ದೈತೆ.

ಮೇಷ್ಟ್ರುಗಳಿಗೆ, ವಾಚನಾಲಯಕ್ಕೆ ಬರೋ ಹಿರಿಯರಿಗೆ ಒಂದೇ ಮಾತು. ಮೊಬೈಲು ಕಸಿದುಕೊಂಡರೆ ಹುಡುಗರು ಸಿಟ್ಟಾಗ್ತಾರೆ, ಬೇರೇನೂ ಆಗಲ್ಲ. ವಾರಕ್ಕೊಂದು ಸಂಜೆ ವಾಚನಾಲಯದಲ್ಲಿ ಅದೇ ಮೊಬೈಲು ತೆಗೆಸಿ, ಕನ್ನಡ ಕೀಬೋರ್ಡು ಹಾಕಿಸಿ, ಒಂದು ಪ್ರಶ್ನೆ ಕೊಡಿ: ನಮ್ಮ ಕೆರೆ ಕಟ್ಟಿಸಿದವರು ಯಾರು? ಸಿಕ್ಕರೆ ಓದಲಿ. ಸಿಗದಿದ್ದರೆ ಅಜ್ಜಂದಿರನ್ನ, ಊರ ಮುಂದಿನ ಕಲ್ಲನ್ನ ವಿಚಾರಿಸಿಕೊಂಡು ಬಂದು, ತಿಳಿದಷ್ಟನ್ನ ಕನ್ನಡದಲ್ಲಿ ಬರೆದು ವಾಚನಾಲಯದ ಗೋಡೆಗೆ ಅಂಟಿಸಲಿ.