ಅನುಬಂಧದಲ್ಲಿ ಉಳಿದವರು

ಜಾನಪದ ಕುರಿತ ನಮ್ಮ ಪಿಎಚ್‌.ಡಿ. ಪ್ರಬಂಧಗಳಲ್ಲಿ ಮಾರ್ಗದರ್ಶಕರಿಗೆ ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಉದ್ದನೆಯ ಕೃತಜ್ಞತೆ ಸಲ್ಲುತ್ತದೆ. ಹಾಡಿದವರು, ಕುಣಿದವರು ಕೊನೆಯ ಅನುಬಂಧದಲ್ಲಿ 'ವಕ್ತೃಗಳು' ಆಗಿ ಬರುತ್ತಾರೆ: ಹೆಸರು, ವಯಸ್ಸು, ಜಾತಿ, ಊರು. ಈ ಎರಡು ಪುಟಗಳ ನಡುವಿನ ದೂರವನ್ನೂ ವಿಮರ್ಶೆ ಓದಬೇಕು.

ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಅವನ ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಪಾರಿಜಾತದ ದೊಡ್ಡ ಹೆಸರಾದ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯದು. ಇಬ್ಬರು ತಮ್ಮಣ್ಣರಲ್ಲಿ ಯಾರ ಪಾಲೆಷ್ಟು ಎಂಬುದು ಸಂಶೋಧನೆಗೆ ಪ್ರಿಯವಾದ ಪ್ರಶ್ನೆ. ರಂಗದ ಮೇಲೆ ಮಾತಿಗೆ ಮಾತು ಕಟ್ಟಿ ಆಟವನ್ನು ಉಳಿಸಿದ ಕಲಾವಿದೆಯರ ಪಾಲೆಷ್ಟು ಎಂದು ನಾವು ಅಷ್ಟೇ ಆಸಕ್ತಿಯಿಂದ ಕೇಳುವುದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಕ್ಷೇತ್ರಕಾರ್ಯಕ್ಕೆ ಓಡಾಡುವಾಗ ಈ ಪ್ರಶ್ನೆ ಕೂಲಿಯ ಲೆಕ್ಕವಾಗಿ ಎದುರಾಗುತ್ತದೆ. ಹುಕ್ಕೇರಿ ಕಡೆಯ ಹಿರಿಯ ಕಲಾವಿದೆಯೊಬ್ಬರು ಕಬ್ಬಿನ ಹೊಲದ ಕೆಲಸ ಬಿಟ್ಟು ಮೂರು ತಾಸು ಹಾಡಿದರು. ಆಮೇಲೆ, "ಇವತ್ತಿನ ಪಗಾರ ಯಾರ ಕೊಡ್ತಾರೋ ಯಪ್ಪಾ?" ಎಂದರು. ಕಿಸೆಯಿಂದ ಕೊಟ್ಟೆ. ಆದರೆ ನಾನು ತುಂಬಿದ ಯಾವ ಅರ್ಜಿಯಲ್ಲೂ ಆ ಖರ್ಚಿಗೆ ಕಾಲಂ ಇಲ್ಲ.

2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಯಾವ ಫೆಲೋಶಿಪ್ಪೂ ಸಿಗದವನು ಅಲ್ಲಿ ಇಲ್ಲಿ ಪಾಠ ಮಾಡಿ, 6 ವರ್ಷಗಳ ಗಡುವಿನೊಳಗೆ ಪ್ರಬಂಧ ಮುಗಿಸಬೇಕು. ಹೆಜ್ಜೆಹೆಜ್ಜೆಗೂ ಮಾರ್ಗದರ್ಶಕರ ಸಹಿ ಬೇಕು. ಸಹಿಗೆ ಕಾಯುವವನು ಮೇಲಿನವರನ್ನು ಕೇಳಲಾರ; ಸಂಶೋಧನೆಯ ಖರ್ಚನ್ನು ತನಗಿಂತ ಕೆಳಗಿನವರ ಮೇಲೆ ಇಳಿಸುತ್ತಾನೆ. ವಿಶ್ವವಿದ್ಯಾಲಯಕ್ಕೆ ಮಾಹಿತಿ ಪುಕ್ಕಟೆ. ಜಗಳ ಮಾತ್ರ ಇಬ್ಬರು ಬಡವರ ನಡುವೆ, ಯಾರದೋ ಪಡಸಾಲೆಯಲ್ಲಿ. ಆಮೇಲೆ ದುಡ್ಡು ಕೇಳಿದ ಕಲಾವಿದೆಗೆ 'ವ್ಯಾಪಾರಿ ಬುದ್ಧಿ' ಎಂಬ ಹೆಸರು.

ಪಾರಿಜಾತವೂ ಇಂಥದೇ ಜಗಳದ ಕಥೆ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆ ತನ್ನ ಪಾಲು ಕೇಳುತ್ತಾಳೆ. ಅದನ್ನು 'ಸವತಿ ಮತ್ಸರ' ಎಂದು ಓದಿ ಮುಗಿಸುವುದು ಸುಲಭ. ಹಂಚುವ ಕೈ ಕೃಷ್ಣನದು ಎಂಬುದು ಆಗ ಮರೆತುಹೋಗುತ್ತದೆ. ಹೂವಿನ ಜಗಳದಲ್ಲೂ ಪಗಾರದ ಜಗಳದಲ್ಲೂ ಕೇಳಿದವರ ಗುಣ ಚರ್ಚೆಯಾಗುತ್ತದೆ, ಹಂಚಿದವರ ನ್ಯಾಯ ಅಲ್ಲ.

ಆದ್ದರಿಂದ ಹೊಸ ಸಿದ್ಧಾಂತಕ್ಕಿಂತ ಮೊದಲು ಬೇಕಾದದ್ದು ಕೆಲವು ಸಣ್ಣ ಬದಲಾವಣೆ. ಸಂಶೋಧಕನಿಗೆ ಬದುಕಲು ಸಾಲುವ ಫೆಲೋಶಿಪ್ ಸಿಗಲಿ. ಕ್ಷೇತ್ರಕಾರ್ಯದ ವೆಚ್ಚದಲ್ಲಿ ಕಲಾವಿದರ ದಿನಗೂಲಿ ಸೇರಲಿ. ಧ್ವನಿಮುದ್ರಣದ ಒಂದು ಪ್ರತಿ ಅವರ ಊರಲ್ಲೇ ಉಳಿಯಲಿ. ಯುಜಿಸಿಯ 2016ರ ನಿಯಮಾವಳಿ ಮೌಖಿಕ ಪರೀಕ್ಷೆಗೆ ಆಸಕ್ತ ತಜ್ಞರೂ ಬರಬಹುದು ಎಂದಿತ್ತು. ಪಾರಿಜಾತದ ವಿಷಯದಲ್ಲಿ ಅದನ್ನು ಹಾಡಿ ಬದುಕಿದವರಿಗಿಂತ ದೊಡ್ಡ ತಜ್ಞರು ಯಾರು? ಅವರನ್ನು ಬಸ್ಸಿನ ಖರ್ಚು ಕೊಟ್ಟು ಕರೆಯಬೇಕು. ಪ್ರಬಂಧ ಸರಿಯೋ ತಪ್ಪೋ ಎಂದು ಅವರೂ ಹೇಳಲಿ.